ಬೆಂಗಳೂರಿಗೆ ಓದಲು ಬರುವ ಮೂವರು ಹುಡುಗಿಯರು: ಪಿಜಿ ಒಳ್ಳೆಯದೋ, ಬಾಡಿಗೆ ಮನೆಯೋ?

ದುರ್ಗದ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿವಿಯ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ನಾವು ಮೂವರು ಗೆಳತಿಯರು. ಒಬ್ಬಳು ಚಿತ್ರದುರ್ಗ, ಇಬ್ಬರು ಚಳ್ಳಕೆರೆ ಕಡೆಯವರು. ಹಾಸ್ಟೆಲ್ ಸಿಗುವ ಭರವಸೆ ಇಲ್ಲ. ಎರಡು ದಾರಿ ಕಾಣಿಸುತ್ತಿದೆ.

ಒಂದು, ನಾಗರಭಾವಿಯ ಲೇಡೀಸ್ ಪಿಜಿ. ಮೂವರ ಶೇರಿಂಗ್, ಊಟ ಸೇರಿ ತಲೆಗೆ ₹7,500. ಅಡ್ವಾನ್ಸ್ ₹5,000, ಬಿಡುವಾಗ ಅದರಲ್ಲಿ ₹2,000 ಹಿಡಿಯುತ್ತಾರಂತೆ. ಇನ್ನೊಂದು, ಮಲ್ಲತ್ತಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಮನೆ. ಬಾಡಿಗೆ ₹15,000, ನೀರಿಗೆ ₹500, ಅಡ್ವಾನ್ಸ್ ₹1,00,000. ಬ್ರೋಕರ್ ಇಲ್ಲ, ಮಾಲೀಕರೇ ಟು-ಲೆಟ್ ಬೋರ್ಡ್ ಹಾಕಿದ್ದರು.

ಮನೆಯವರು ಪಿಜಿಯೇ ಸೇಫ್ ಅನ್ನುತ್ತಾರೆ. ನಮಗೆ ಮನೆ ಬೇಕು ಅನ್ನಿಸಿದೆ. ಮೂವರಲ್ಲಿ ಯಾರೂ ಇದುವರೆಗೆ ಕರೆಂಟ್ ಬಿಲ್ ಕಟ್ಟಿದವರಲ್ಲ, ಅಗ್ರಿಮೆಂಟ್ ಕಂಡವರಲ್ಲ. ಏನೇನು ನೋಡಬೇಕು, ಎಲ್ಲಿ ಎಡವುತ್ತಾರೆ? ಗೊತ್ತಿರುವವರು ಹೇಳಿ.

ನಾಗರಭಾವಿ_ಅಕ್ಕ:

ಮೊದಲು ಲೆಕ್ಕ ಹಾಕಿಬಿಡು ತಂಗಿ. ಮನೆ ಅಗ್ಗ ಅಂದುಕೊಂಡು ಹೋದವರೇ ಮೂರನೇ ತಿಂಗಳು ಜಗಳ ಶುರು ಮಾಡುವುದು.

ಬಾಡಿಗೆ, ನೀರು ಸೇರಿ ₹15,500, ತಲೆಗೆ ₹5,170 ಆಯಿತು. ರೇಷನ್, ಹಾಲು, ತರಕಾರಿಗೆ ತಲೆಗೆ ₹2,500 ಇಟ್ಟುಕೊಳ್ಳಿ. ಗ್ಯಾಸ್, ವೈಫೈ, ಸೋಪು-ಪುಡಿ, ಕುಡಿಯುವ ನೀರು ಅಂತ ಇನ್ನೊಂದು ₹500. ಅಲ್ಲಿಗೆ ₹8,170, ಪಿಜಿಗಿಂತ ಜಾಸ್ತಿಯೇ. ಇದರ ಮೇಲೆ ಒಲೆ, ಕುಕ್ಕರ್, ಬಕೆಟ್, ಹಾಸಿಗೆ ಅಂತ ಶುರುವಿನ ಖರ್ಚು ಮೂವರಿಗೂ ಸೇರಿ ಹದಿನೈದು ಸಾವಿರ ದಾಟುತ್ತದೆ. ಅಡ್ವಾನ್ಸಿಗೆ ತಲೆಗೆ ₹33,000 ಕೂತುಬಿಡುತ್ತದೆ. ಮೇ-ಜೂನಲ್ಲಿ ಊರಿಗೆ ಹೋದರೂ ಬಾಡಿಗೆ ನಿಲ್ಲುವುದಿಲ್ಲ. ಪಿಜಿಯಾದರೆ ಒಂದು ತಿಂಗಳು ಮುಂಚೆ ಹೇಳಿ ಖಾಲಿ ಮಾಡಿ ಬರಬಹುದು.

ಹಾಗಾಗಿ ದುಡ್ಡು ಉಳಿಸಲು ಮನೆ ಮಾಡಬೇಡಿ. ಬೇಕಾದ ಊಟ, ರಾತ್ರಿ ಹನ್ನೊಂದಕ್ಕೆ ಲೈಟು ಹಾಕಿ ಓದುವ ಜಾಗ, ಲ್ಯಾಬ್ ಮುಗಿಸಿ ಎಂಟೂವರೆಗೆ ಬಂದರೆ ಗೇಟಿನಲ್ಲಿ ಯಾರಿಗೂ ಕಾರಣ ಹೇಳಬೇಕಿಲ್ಲ, ಇದು ಬೇಕಿದ್ದರೆ ಮಾಡಿ. ನನ್ನ ಮಟ್ಟಿಗೆ ಆ ₹700ಕ್ಕೆ ಅದು ದುಬಾರಿಯಲ್ಲ.

ನಿರ್ಧಾರವಾದರೆ ಅಡ್ವಾನ್ಸ್ ಮತ್ತು ಅಗ್ರಿಮೆಂಟ್ ಬಗ್ಗೆ ಗಟ್ಟಿಯಾಗಿ ಮಾತಾಡಿ. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಅಡ್ವಾನ್ಸ್ ರೂಢಿ ಇತ್ತು, ಈಗ ಐದಾರು ತಿಂಗಳಿಗೂ ಒಪ್ಪುತ್ತಾರೆ. ನಿಮಗೆ ಕೇಳಿರುವುದು ಆರೂವರೆ ತಿಂಗಳಿನಷ್ಟು. ₹75,000ಕ್ಕೆ ಕೇಳಿ ನೋಡಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಅಂತಿದೆ ಎಂದು ವಾದಿಸಲು ಹೋಗಬೇಡಿ. ಅದು ಮಾದರಿ ಮಾತ್ರ, ಇಲ್ಲಿನ ಮಾಲೀಕರು ನಗುತ್ತಾರೆ.

ಅಗ್ರಿಮೆಂಟನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೇ ಮಾಡುತ್ತಾರೆ. ಯಾಕೆ ಅಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಹನ್ನೊಂದು. ನೋಟರಿ ಸೀಲು ಬಿದ್ದ ಮಾತ್ರಕ್ಕೆ ನೋಂದಣಿ ಆದ ಹಾಗಲ್ಲ. ಇ-ಸ್ಟ್ಯಾಂಪ್ ಕಾಗದದಲ್ಲಿ ಈ ವಿಷಯಗಳು ಅಕ್ಷರದಲ್ಲೇ ಬರಬೇಕು:

– ಮೂವರ ಹೆಸರೂ ಬಾಡಿಗೆದಾರರು ಅಂತ ಇರಲಿ. ಒಬ್ಬಳ ಅಪ್ಪನ ಹೆಸರಲ್ಲಿ ಮಾತ್ರ ಮಾಡಿದರೆ ಉಳಿದಿಬ್ಬರು ಕಾಗದದ ಮೇಲೆ ಆ ಮನೆಯಲ್ಲಿ ಇಲ್ಲವೇ ಇಲ್ಲ. ಅಪ್ಪಂದಿರ ಸಹಿ ಬೇಕೆಂದರೆ ಜಾಮೀನುದಾರರು ಅಂತ ಹಾಕಿಸಿ.
– ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದು ರೂಪಾಯಿಯಲ್ಲಿ. ‘ಒಂದು ತಿಂಗಳ ಬಾಡಿಗೆ’ ಅಂತ ಬರೆದರೆ ಹೆಚ್ಚಾದ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ₹15,000 ಹಿಡಿದರೂ ತಲೆಗೆ ₹5,000. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ₹200ಕ್ಕೂ ಮೇಲೆ, ಕಾಣದ ಬಾಡಿಗೆ.
– ಖಾಲಿ ಮಾಡುವ ಮುಂಚೆ ಎಷ್ಟು ತಿಂಗಳು ತಿಳಿಸಬೇಕು, ಮತ್ತು ಅಡ್ವಾನ್ಸ್ ವಾಪಸ್ ಯಾವ ದಿನ. ‘ಬೀಗದ ಕೈ ಕೊಟ್ಟ ದಿನವೇ’ ಅಂತ ಬರೆಸಲು ನೋಡಿ. ಹೊಸಬರು ಬಂದ ಮೇಲೆ ಕೊಡ್ತೀನಿ ಅನ್ನುವುದು ಮಾಮೂಲಿ. ಅದು ಸಿವಿಲ್ ವ್ಯಾಜ್ಯ, ಸ್ಟೇಷನ್ನಿಗೆ ಹೋದರೆ ಕೋರ್ಟಿಗೆ ಹೋಗಿ ಅಂತಾರೆ.
– ಹನ್ನೊಂದು ತಿಂಗಳಾದ ಮೇಲೆ ಶೇಕಡಾ ಎಷ್ಟು ಏರಿಕೆ. ಸಾಮಾನ್ಯವಾಗಿ 5. ಅಂದರೆ ₹15,750.

ಅಡ್ವಾನ್ಸನ್ನು ಕ್ಯಾಷ್ ಕೊಡಬೇಡಿ. ಮೂವರೂ ಅವರವರ ಖಾತೆಯಿಂದ ಅವರವರ ಪಾಲನ್ನು ಕಳಿಸಿ, ಷರಾದಲ್ಲಿ ‘ಮನೆ ಅಡ್ವಾನ್ಸ್’ ಅಂತ ಹಾಕಿ. ಮುಂದೆ ಒಬ್ಬಳು ಬಿಟ್ಟು ಹೋದಾಗ ಯಾರದು ಎಷ್ಟು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಮೀಟರ್_ಬೋರ್ಡ್:

ಕರೆಂಟ್ ಬಗ್ಗೆ ಮಾತ್ರ ಹೇಳುತ್ತೇನೆ.

ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್ ಇದೆಯೋ, ಮಾಲೀಕರ ಮೀಟರಿಗೆ ಸಬ್-ಮೀಟರ್ ಹಾಕಿದ್ದಾರೋ ಮೊದಲು ಕೇಳಿ. ಸಬ್-ಮೀಟರ್ ಆದರೆ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ನಿಮ್ಮ ಹೆಸರಿಗೆ ಬರುವುದಿಲ್ಲ, ಯೂನಿಟ್ಟಿಗೆ ಮಾಲೀಕರು ಹೇಳಿದ್ದೇ ರೇಟು. ಪ್ರತ್ಯೇಕ ಮೀಟರ್ ಆದರೆ ಹಿಂದಿನ ತಿಂಗಳ ಬಿಲ್ಲಿನ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಅಕೌಂಟ್ ಐಡಿ ಇರುತ್ತದೆ, ಬಾಕಿ ಇದ್ದರೂ ಅಲ್ಲೇ ಗೊತ್ತಾಗುತ್ತದೆ. ಒಳಗೆ ಹೋದ ದಿನ ಮೀಟರ್ ರೀಡಿಂಗ್ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ.

ಗೃಹಜ್ಯೋತಿಗೆ ಬಾಡಿಗೆದಾರರೂ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆಧಾರ್, ಅಕೌಂಟ್ ಐಡಿ, ಓಟಿಪಿ ಬರುವ ಮೊಬೈಲ್ ಸಾಕು. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಇನ್ನೂ ಜೋಡಣೆಯಾಗಿದ್ದರೆ ನಿಮ್ಮ ಅರ್ಜಿ ಹೋಗುವುದಿಲ್ಲ. ಅವರು ಡಿ-ಲಿಂಕ್ ಮಾಡಬೇಕು, 2024ರಿಂದ ಆ ವ್ಯವಸ್ಥೆ ಇದೆ. ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲೀಕರಿಗೆ ಈ ಕೆಲಸ ಹೇಳಿ. ಕೊಟ್ಟ ಮೇಲೆ ಹೇಳಿದರೆ ತಿಂಗಳುಗಟ್ಟಲೆ ಎಳೆಯುತ್ತದೆ.

‘200 ಯೂನಿಟ್ ಫ್ರೀ’ ಅನ್ನುವುದನ್ನು ಎಲ್ಲರೂ ತಪ್ಪು ತಿಳಿದಿದ್ದಾರೆ. ಎಲ್ಲರಿಗೂ 200 ಇಲ್ಲ. ಆ ಮೀಟರಿನ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಕಟ್ಟುತ್ತಾರೆ. ಹಳೆಯ ಲೆಕ್ಕವೇ ಇಲ್ಲದ ಮನೆಗೆ 53 ಯೂನಿಟ್, ಮೇಲೆ ಶೇ 10, ಅಂದರೆ 58. ಮಿತಿ ದಾಟಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು.

58 ಎಲ್ಲಿ ಮುಗಿಯುತ್ತದೆ ಅಂದರೆ ಗೀಸರಿನಲ್ಲಿ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 55ಕ್ಕೆ ಕಾಯಿಸಲು 0.6 ಯೂನಿಟ್ ಬೇಕು. ಮೂವರು ದಿನಾ ಒಂದೊಂದು ಟ್ಯಾಂಕ್ ಖಾಲಿ ಮಾಡಿದರೆ ತಿಂಗಳಿಗೆ 54. ಫ್ರಿಡ್ಜ್, ಫ್ಯಾನ್, ಇಂಡಕ್ಷನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸೋಲಾರ್ ಇದ್ದರೆ ಈ ಚಿಂತೆ ಇಲ್ಲ. ಆದರೆ ಪೈಪು ಉದ್ದವಿರುವ ಕೆಳಗಿನ ಮನೆಗೆ ಬಿಸಿ ಬರುವಷ್ಟರಲ್ಲಿ ಒಂದೆರಡು ಬಕೆಟ್ ತಣ್ಣೀರು ಹೋಗುತ್ತದೆ. ಅದನ್ನು ಬಟ್ಟೆಗೆ ಹಿಡಿದಿಟ್ಟುಕೊಳ್ಳಿ.

ಇನ್ನೊಂದು ಮಾತು. 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆಂಪ್ ಎಳೆಯುತ್ತದೆ. ಸಣ್ಣ 6 ಆಂಪ್ ಪ್ಲಗ್ಗಿಗೋ ಎಕ್ಸ್‌ಟೆನ್ಶನ್ ಬೋರ್ಡಿಗೋ ಹಾಕಿದರೆ ಪಿನ್ನಿನ ಬುಡ ಕಂದಾಗಿ, ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. 16 ಆಂಪಿನ ದಪ್ಪ ಪ್ಲಗ್ ಅಡುಗೆಮನೆಯಲ್ಲಿ ಇದೆಯೇ ನೋಡಿ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ನಡೆಯದು, ತಳಕ್ಕೆ ಆಯಸ್ಕಾಂತ ಅಂಟುವ ಪಾತ್ರೆಯೇ ಬೇಕು.

ತುಂಗಭದ್ರಾ_ದಂಡಿ:

ಮನಿ ನೋಡಾಕ ಹಗಲಿನ್ಯಾಗ ಒಮ್ಮೆ, ಸಂಜಿ ಏಳೂವರಿಗೆ ಒಮ್ಮೆ ಹೋಗ್ರಿ. ಹಗಲಿ ಕಾಣೂ ಓಣಿನೇ ಬ್ಯಾರೆ, ರಾತ್ರಿ ಕಾಣೂ ಓಣಿನೇ ಬ್ಯಾರೆ. ಬಸ್ ಸ್ಟಾಪಿನಿಂದ ಮನೀತನಾ ನಡಕೊಂತ ಬರ್ರಿ. ಎಷ್ಟು ಲೈಟಿನ ಕಂಬ ಉರೀತಾವ, ಖಾಲಿ ಸೈಟ್ ಎಷ್ಟವ, ರಾತ್ರಿ ಒಂಬತ್ತರ ಮ್ಯಾಲೆ ತೆರೆದಿರೂ ಮೆಡಿಕಲ್ ಅಂಗಡಿ ಐತೇನು, ನೋಡ್ರಿ.

ಒಳಗ ಹೋದ ಮ್ಯಾಲೆ ನಾಚಿಕಿ ಬಿಡ್ರಿ. ನಳ ಬಿಡ್ರಿ, ಫ್ಲಷ್ ಮಾಡ್ರಿ, ಎರಡು ನಳ ಒಮ್ಮೆಲೆ ತೆರೆದು ನೀರಿನ ಜೋರು ನೋಡ್ರಿ. ಕಾವೇರಿ ನೀರು ಯಾವ್ಯಾವ ದಿನ ಬರ್ತೈತಿ, ಬೋರ್ ನೀರು ಬ್ಯಾಸಗ್ಯಾಗ ನಿಂತಿತ್ತೇನು, ಟ್ಯಾಂಕರ್ ತರಿಸಿದ್ರ ರೊಕ್ಕ ಯಾರು ಕೊಡ್ತಾರ, ಇದನ್ನ ಮಾಲೀಕರನ್ನ ಕೇಳಬ್ಯಾಡ್ರಿ, ಬಾಜೂ ಮನಿಯವರನ್ನ ಕೇಳ್ರಿ. 2024ರ ಬ್ಯಾಸಗಿಯೊಳಗ ನೀರಿಗೆ ಬರ ಬಿದ್ದದ್ದು ಅವರಿಗೆ ನೆನಪೈತಿ.

ಮುಂಬಾಗಿಲಿಗೆ ಒಳಗಿನಿಂದ ಮ್ಯಾಲೊಂದು ಕೆಳಗೊಂದು ಚಿಲಕ ಬೇಕು. ನೋಡೂ ತೂತು ಬೇಕು. ಹಿಂದಿನವರ ಹತ್ರ ಎಷ್ಟು ಕೀಲಿಕೈ ಇದ್ದುವೋ ಯಾರಿಗೆ ಗೊತ್ತು. ಲಾಕಿನ ಒಳಗಿನ ಸಿಲಿಂಡರ್ ಅಷ್ಟೇ ಬದಲಿ ಮಾಡಿಸಬಹುದು, ಇಡೀ ಲಾಕ್ ತಗೀಬೇಕಂತಿಲ್ಲ. ಬಚ್ಚಲದ ಗಾಳಿಕಿಂಡಿಗೆ ಹೊರಗಿನಿಂದ ಎಳೆದ್ರ ಬರೂವಂಥ ಗಾಜಿನ ಪಟ್ಟಿ ಇದ್ರ ಜಾಳಿಗಿ ಹೊಡೆಸಾಕ ಹೇಳ್ರಿ.

ಒಂದು ಮಾತ್ರ ಮರೀಬ್ಯಾಡ್ರಿ. ಬಚ್ಚಲದಾಗ ಗ್ಯಾಸ್ ಗೀಸರ್ ಇದ್ರ ಆ ಮನಿ ಬ್ಯಾಡ. ಮುಚ್ಚಿದ ಕೋಣ್ಯಾಗ ಅದು ಉರಿದ್ರ ಆಮ್ಲಜನಕ ಕಡಿಮಿ ಆಗಿ ಕಾರ್ಬನ್ ಮೊನಾಕ್ಸೈಡ್ ತುಂಬ್ತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ. ತಲಿ ನೋವು, ಕಣ್ಣು ಕತ್ತಲಿ ಅನ್ನೂದ್ರೊಳಗ ಕೈಕಾಲು ಏಳೂದಿಲ್ಲ, ಬಾಗಿಲು ತೆಗೀಲಿಕ್ಕೂ ಆಗೂದಿಲ್ಲ. ಬೆಂಗಳೂರಾಗ ಹಿಂಗ ಸತ್ತವರ ಸುದ್ದಿ ಪ್ರತಿ ಚಳಿಗಾಲ ಓದ್ತೀವಿ. ‘ಕಿಟಕಿ ತೆಗೆದಿಟ್ಟು ಸ್ನಾನ ಮಾಡ್ರಿ’ ಅಂತಾರ. ಹೆಣ್ಮಕ್ಕಳು ಕಿಟಕಿ ತೆಗೆದಿಟ್ಟು ಹೆಂಗ ಸ್ನಾನ ಮಾಡ್ತಾರ? ಗೀಸರ್ ಮತ್ತ ಸಿಲಿಂಡರ್ ಎರಡೂ ಹೊರಗಿನ ಗ್ವಾಡಿಗೆ ಇದ್ರ ಮಾತ್ರ ಹೂಂ ಅನ್ರಿ.

ದುರ್ಗದ_ಹುಡುಗಿ:

ಇಷ್ಟೆಲ್ಲ ಯಾರೂ ಹೇಳಿರಲಿಲ್ಲ, ತುಂಬಾ ಧನ್ಯವಾದ. ಮೀಟರ್ ಪ್ರತ್ಯೇಕ ಇದೆ, ಗೀಸರ್ ಕರೆಂಟಿನದು. ಮತ್ತೆರಡು ಪ್ರಶ್ನೆ. ಮಾಲೀಕರು ‘ಹುಡುಗೀರು ಅಂತ ಕೊಡ್ತಿದೀನಿ, ಒಂಬತ್ತಕ್ಕೆ ಗೇಟ್ ಹಾಕ್ತೀನಿ, ಗಂಡುಮಕ್ಕಳು ಯಾರೂ ಬರಬಾರದು’ ಅಂದರು. ನಮ್ಮ ಅಪ್ಪ, ತಮ್ಮ ಬಂದರೆ? ಇನ್ನು ಮೂವರಲ್ಲಿ ಒಬ್ಬಳು ಆರು ತಿಂಗಳಿಗೆ ಬಿಟ್ಟರೆ ಏನು ಗತಿ?

ಉಲ್ಲಾಳದ_ಮಾಲೀಕ:

ಮನೆ ಬಾಡಿಗೆಗೆ ಕೊಡುವವನಾಗಿ ಆ ಕಡೆಯ ಮಾತನ್ನೂ ಹೇಳುತ್ತೇನಮ್ಮ. ಸಂಸಾರಸ್ಥರಿಗೆ ಕೊಟ್ಟರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ಮೂವರು ವಿದ್ಯಾರ್ಥಿನಿಯರು ಅಂದಾಗ ಬಾಡಿಗೆ ತಡವಾದರೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡುವುದು ಅನ್ನುವ ಅಳುಕು ಇರುತ್ತದೆ. ಗೇಟಿನ ನಿಯಮ ಅರ್ಧಕ್ಕರ್ಧ ಆ ಅಳುಕಿನಿಂದಲೇ ಬರುವುದು. ಮೂರೂ ಮನೆಯ ಹಿರಿಯರ ನಂಬರ್ ಬರೆದುಕೊಡಿ, ಬಾಡಿಗೆ ಐದನೇ ತಾರೀಖಿನೊಳಗೆ ಒಬ್ಬಳ ಖಾತೆಯಿಂದ ಒಟ್ಟಿಗೆ ಬರಲಿ. ಎರಡು ತಿಂಗಳಲ್ಲಿ ಗೇಟಿನ ಒಂದು ಕೀಲಿ ನಿಮ್ಮ ಕೈಗೇ ಬರುತ್ತದೆ.

ಆದರೂ ಬಾಯಿಮಾತಿಗೆ ಬಿಡಬೇಡಿ. ‘ತಂದೆ, ತಾಯಿ, ಒಡಹುಟ್ಟಿದವರು ಬಂದು ಉಳಿಯಬಹುದು’ ಅಂತ ಒಂದು ಸಾಲು ಅಗ್ರಿಮೆಂಟಿನಲ್ಲಿ ಸೇರಿಸಿ ಅಂದರೆ ಯಾವ ಮಾಲೀಕನೂ ಬೇಡ ಅನ್ನುವುದಿಲ್ಲ. ಮನೆ ನೋಡಲು, ರಿಪೇರಿಗೆ ಅಂತ ಮಾಲೀಕರು ಬರುವುದಿದ್ದರೆ ಹಿಂದಿನ ದಿನ ಹೇಳಿ ಬರಬೇಕು ಅನ್ನುವುದನ್ನೂ ಹಾಕಿಸಿ. ಹೇಳದೆ ಕೇಳದೆ ಸ್ಪೇರ್ ಕೀಲಿಯಲ್ಲಿ ಒಳಗೆ ಬರುವವರು ಇದ್ದಾರೆ, ಅದು ತಪ್ಪು.

ಒಬ್ಬಳು ಬಿಟ್ಟರೆ ಏನು ಅಂತ ಕೇಳಿದಿರಿ. ಅಗ್ರಿಮೆಂಟಿನಲ್ಲಿ ಮೂವರೂ ಒಟ್ಟಾಗಿ ಹೊಣೆ ಅಂತ ಇರುತ್ತದೆ, ಅಂದರೆ ಉಳಿದಿಬ್ಬರು ಪೂರ್ತಿ ₹15,000 ಕಟ್ಟಲೇಬೇಕು. ಮಾಲೀಕ ಮಧ್ಯದಲ್ಲಿ ಅವಳ ಪಾಲಿನ ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ. ಹೊಸದಾಗಿ ಬರುವವಳು ಹೋಗುವವಳಿಗೆ ಆ ಪಾಲನ್ನು ನೇರವಾಗಿ ಕಳಿಸಬೇಕು. ಪೇಂಟಿಂಗ್ ಪಾಲನ್ನು ಅಷ್ಟು ತಿಂಗಳಿಗೆ ಲೆಕ್ಕ ಹಾಕಿ ಕಳೆಯಿರಿ. ಮಾಲೀಕರ ಸಹಿಯೊಂದಿಗೆ ಒಂದು ಪುಟದ ಪೂರಕ ಕರಾರು ಮಾಡಿಸಿ, ಹಳೆಯ ಹೆಸರು ತೆಗೆದು ಹೊಸ ಹೆಸರು ಸೇರಿಸಿ. ಇದನ್ನು ಮಾಡದೆ ‘ನೀನು ಬಾ, ಆಮೇಲೆ ನೋಡೋಣ’ ಅಂದಲ್ಲಿ ವರ್ಷದ ಕೊನೆಗೆ ಅಡ್ವಾನ್ಸ್ ಯಾರಿಗೆ ಕೊಡಬೇಕು ಅಂತ ನಾಲ್ಕು ಜನ ನನ್ನಂಥವನ ಬಾಗಿಲಲ್ಲಿ ನಿಂತಿರುತ್ತಾರೆ.

ಯಾರಾದರೂ ‘ಬಾಡಿಗೆ ಬೇಡ, ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳಿ’ ಅಂದರೆ ವಿದ್ಯಾರ್ಥಿನಿಯರು ಅದರ ತಂಟೆಗೇ ಹೋಗಬೇಡಿ. ಮನೆ ಬ್ಯಾಂಕಿನಲ್ಲಿ ಅಡವಿದ್ದರೆ ಬ್ಯಾಂಕಿನವರು ಬಂದಾಗ ನಿಮ್ಮ ಕಾಗದವನ್ನು ಯಾರೂ ನೋಡುವುದಿಲ್ಲ.

ಅನ್ನಸಾರು:

ಒಳಗಿನ ಸಂಸಾರದ ವಿಷಯ ಯಾರೂ ಹೇಳಲಿಲ್ಲ, ಒಡೆಯುವುದು ಅಲ್ಲೇ.

ತಿಂಗಳ ಮೊದಲ ದಿನ ಮೂವರೂ ಒಂದೇ ಮೊತ್ತ ಹಾಕುವ ಹುಂಡಿ ಮಾಡಿ. ಬಾಡಿಗೆ, ನೀರು, ವೈಫೈ ಸಮಪಾಲು, ಊರಲ್ಲಿದ್ದರೂ ಕೊಡಲೇಬೇಕು. ಹಾಲು, ತರಕಾರಿ ಮಾತ್ರ ಇದ್ದ ದಿನಗಳ ಲೆಕ್ಕ. ‘ನಾನು ಹತ್ತು ದಿನ ಊರಲ್ಲಿದ್ದೆ, ನನಗೆ ಬಾಡಿಗೆ ಕಡಿಮೆ ಮಾಡಿ’ ಅನ್ನುವುದಕ್ಕೆ ಆಗ ಜಾಗವೇ ಇಲ್ಲ. ಶಾಂಪೂ, ಬಿಸ್ಕತ್ತು, ಮ್ಯಾಗಿ ಹುಂಡಿಗೆ ಬೇಡ. ಜಗಳ ಶುರುವಾಗುವುದು ಅಕ್ಕಿಯಿಂದಲ್ಲ, ಮ್ಯಾಗಿಯಿಂದ.

ಗ್ಯಾಸಿಗೆ ಹೊಸ ಕನೆಕ್ಷನ್ ಹಿಂದೆ ಓಡಬೇಡಿ. 5 ಕೆಜಿಯ ಸಣ್ಣ ಸಿಲಿಂಡರ್ ಏಜೆನ್ಸಿಯಲ್ಲೂ ಕೆಲವು ಪೆಟ್ರೋಲ್ ಬಂಕಿನಲ್ಲೂ ಗುರುತಿನ ಚೀಟಿ ಒಂದಕ್ಕೇ ಸಿಗುತ್ತದೆ, ವಿಳಾಸದ ದಾಖಲೆ ಬೇಡ. ಎರಡು ಹೊತ್ತು ಮೂವರಿಗೆ ಅಡುಗೆ ಮಾಡಿದರೆ ಮೂರರಿಂದ ನಾಲ್ಕು ವಾರ. ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಕೊಡುವವರ ಹತ್ತಿರ ಹೋಗಲೇಬೇಡಿ, ವಾಲ್ವ್ ಸೋರುವುದು ಅಲ್ಲೇ. ರಬ್ಬರ್ ಟ್ಯೂಬಿನ ಮೇಲೆ ಐಎಸ್‌ಐ ಗುರುತು ಇರಲಿ. ಟ್ಯೂಬು ಸೇರುವ ಜಾಗಕ್ಕೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ರೆಗ್ಯುಲೇಟರ್ ತೆಗೆದು ಕಿಟಕಿ ತೆರೆಯಿರಿ, ಲೈಟಿನ ಸ್ವಿಚ್ ಮುಟ್ಟಬೇಡಿ. ಗ್ಯಾಸ್ ಸೋರಿದರೆ 1906ಕ್ಕೆ ಫೋನ್ ಮಾಡಿ.

ಪಾತ್ರೆ: 3 ಲೀಟರ್ ಕುಕ್ಕರ್ ಒಂದು, ಒಳಗೆ ಕೂರುವ ಎರಡು ಡಬ್ಬಿ (ಕೆಳಗೆ ಬೇಳೆ, ಮೇಲೆ ಅನ್ನ), ಒಂದು ಬಾಣಲೆ, ಒಂದು ಕಬ್ಬಿಣದ ಕಾವಲಿ. ಹೊತ್ತಿಗೆ ಮೂವರಿಗೆ ಒಂದೂವರೆ ಪಾವು ಅಕ್ಕಿ, ಒಂದೂವರೆ ಹಿಡಿ ಬೇಳೆ ಬೇಕು. ಬೇಳೆ ಮುಕ್ಕಾಲು ಹಿಡಿಯಷ್ಟೇ ಹಾಕಿದರೆ ಸಾರು ನೀರಾಗುತ್ತದೆ. ಸಾರಿನ ಪುಡಿ ಊರಿಂದ ತನ್ನಿ. ಕುಡಿಯುವ ನೀರಿಗೆ ಬಡಾವಣೆಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಬಹುದು. ಆದರೆ ಮೂರನೇ ಮಹಡಿಗೆ 20 ಕೆಜಿ ಹೊರುವುದು ಯಾರು ಅಂತ ಮೊದಲೇ ತೀರ್ಮಾನಿಸಿ. 10 ಲೀಟರಿನ ಎರಡು ಕ್ಯಾನ್ ವಾಸಿ.

ಕಸ: ಹಸಿ, ಒಣ, ಸ್ಯಾನಿಟರಿ ಮೂರು ಬೇರೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನ ಗುರುತು ಹಾಕಿ ಬೇರೆಯಾಗಿ ಕೊಡಿ. ಕಮೋಡಿಗೆ ಹಾಕಿದರೆ ಪೈಪು ಕಟ್ಟಿಕೊಂಡು, ತೆಗೆಸುವ ಖರ್ಚೂ ನಿಮ್ಮದೇ, ಮುಜುಗರವೂ ನಿಮ್ಮದೇ.

ಕೆಂಪು_ಬಸ್ಸು:

ಓಡಾಟಕ್ಕೆ: ಶಕ್ತಿ ಯೋಜನೆಯಲ್ಲಿ (2023ರ ಜೂನ್ 11ರಿಂದ) ಬಿಎಂಟಿಸಿಯ ಸಾಮಾನ್ಯ ಬಸ್ಸು ನಿಮಗೆ ಉಚಿತ, ವಜ್ರ ಎಸಿ ಬಸ್ಸಿಗೆ ಟಿಕೆಟ್ ತೆಗೆಯಬೇಕು. ಕರ್ನಾಟಕದ ವಿಳಾಸವಿರುವ ಆಧಾರ್ ಸಾಕು. ಅದಕ್ಕಾಗಿ ಆಧಾರನ್ನು ಬೆಂಗಳೂರಿಗೆ ಬದಲಿಸುವುದು ಬೇಡ. ಉಚಿತವಾದರೂ ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಿ, ಚೆಕಿಂಗ್ ಬಂದಾಗ ಅದೇ ಸಾಕ್ಷಿ. ಮೆಟ್ರೋದಲ್ಲಿ ಶಕ್ತಿ ಇಲ್ಲ. ನೇರಳೆ ಮಾರ್ಗದಲ್ಲಿ ಜ್ಞಾನಭಾರತಿ ನಿಲ್ದಾಣ ಇದೆ. ಆದರೆ ಕ್ಯಾಂಪಸ್ ದೊಡ್ಡದು, ನಿಮ್ಮ ವಿಭಾಗ ಗೇಟಿನಿಂದ ಎಷ್ಟು ದೂರ ಅಂತ ನೋಡಿಕೊಂಡೇ ಮನೆ ಆರಿಸಿ.

ಮೊಬೈಲಿನಲ್ಲಿ ತುರ್ತು ನಂಬರ್ 112 ಇರಲಿ. ಯುಪಿಐ ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಟೋಕನ್ ಕಳಿಸಿ, ಮನೆ ಆಮೇಲೆ ತೋರಿಸುತ್ತೇನೆ, ಡ್ಯೂಟಿಯಲ್ಲಿದ್ದೇನೆ’ ಅನ್ನುವ ಜಾಹೀರಾತು ನಂಬಬೇಡಿ. ದುಡ್ಡು ಬರಲು ಪಿನ್ ಹಾಕಬೇಕಿಲ್ಲ, ಪಿನ್ ಹಾಕಿದರೆ ಹೋಗುವುದೇ.

ನಾಗರಭಾವಿ_ಅಕ್ಕ:

ಇನ್ನೂ ಪಿಜಿಯೇ ಆಯಿತು ಅನ್ನುವುದಾದರೆ ಇಷ್ಟು ಕೇಳಿ ತಂಗಿ. ಪಾಲಿಕೆ 2024ರಲ್ಲಿ ಪಿಜಿಗಳಿಗೆ ಮಾಡಿದ ನಿಯಮದಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, 90 ದಿನದ ಸಿಸಿಟಿವಿ ದಾಖಲೆ, ಹಗಲು-ರಾತ್ರಿ ಕಾವಲು ಅಂತ ಇದೆ. ಮೂವರ ರೂಮು 210 ಚದರಡಿಯಾದರೂ ಇರಬೇಕು, ಅಂದರೆ 14 ಅಡಿಗೆ 15 ಅಡಿ. ಟೇಪ್ ಹಿಡಿದರೆ ನಾಗರಭಾವಿಯ ಅರ್ಧ ಪಿಜಿಗಳು ಪಾಸಾಗಲಿಕ್ಕಿಲ್ಲ, ಅದು ಬೇರೆ ಮಾತು. ಪ್ಲೈವುಡ್ ಹಲಗೆ ಹೊಡೆದು ಕಿಟಕಿಯೇ ಇಲ್ಲದಂತೆ ಮಾಡಿದ ರೂಮು ಮಾತ್ರ ಬೇಡವೇ ಬೇಡ. ರಾತ್ರಿ ಮೆಟ್ಟಿಲಿನ ಗ್ರಿಲ್ಲಿಗೆ ಬೀಗ ಹಾಕಿದ ಮೇಲೆ ಕೀಲಿ ಯಾರ ಹತ್ತಿರ, ಆ ವ್ಯಕ್ತಿ ಎಲ್ಲಿ ಮಲಗುತ್ತಾರೆ, ಕೇಳಿ.

ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಸೇರಿಸಿದರೆ ಒಪ್ಪಬೇಡಿ. ತಲೆಗೆ ತಿಂಗಳಿಗೆ ₹20,000ದವರೆಗಿನ, ಸತತ ಕನಿಷ್ಠ 90 ದಿನದ ವಸತಿಗೆ 2024ರ ಜುಲೈಯಿಂದ ವಿನಾಯಿತಿ ಇದೆ.

ಪಿಜಿಯೋ ಮನೆಯೋ, ಒರಿಜಿನಲ್ ಅಂಕಪಟ್ಟಿ, ಒರಿಜಿನಲ್ ಆಧಾರ್ ಯಾರಿಗೂ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ, ಜೆರಾಕ್ಸಿನ ಮೇಲೆ ಅಡ್ಡಲಾಗಿ ‘ಮನೆ ಬಾಡಿಗೆಗೆ ಮಾತ್ರ’ ಅಂತ ತಾರೀಖು ಸಮೇತ ಬರೆದು ಕೊಡಿ.

ದುರ್ಗದ_ಹುಡುಗಿ:

ಭಾನುವಾರ ಅಪ್ಪನ ಜೊತೆ ಮಲ್ಲತ್ತಹಳ್ಳಿಗೆ ಹೋಗುತ್ತಿದ್ದೇವೆ, ಸಂಜೆ ಏಳೂವರೆಗೂ ಅಲ್ಲೇ ಇರುತ್ತೇವೆ. ಹಿಂದಿನ ಬಾಡಿಗೆದಾರರ ಡಿ-ಲಿಂಕ್ ಅವರೇ ಮಾಡಬೇಕೋ, ಮಾಲೀಕರು ಮಾಡಬಹುದೋ?

ಮೀಟರ್_ಬೋರ್ಡ್:

ಅವರೇ. ಅವರ ಆಧಾರ್, ಅವರ ಮೊಬೈಲಿಗೆ ಓಟಿಪಿ. ಅವರು ಇನ್ನೂ ಮನೆ ಖಾಲಿ ಮಾಡಿಲ್ಲದಿದ್ದರೆ ಅದೃಷ್ಟ, ಭಾನುವಾರವೇ ಕೂತು ಮಾಡಿಸಿಬಿಡಿ.